ಗಾಡಿ ಹೇಳಿಕೊಳ್ಳುವ ತಿರುವು

ಜವಳಗಿರಿ
14 ನವೆಂಬರ್ 2022

ಕುಮಾರೇಶಣ್ಣನವರಿಗೆ ಮಾಲಾ ಮಾಡುವ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಿಳಿಯದು. ಆಯುಧಪೂಜೆಗೆ ಮುಂಚೆ ನಿಮ್ಮ ಜೂಜುವಾಡಿ ಶೆಡ್ಡಿನಲ್ಲಿ ಒಂದು ಹಳೆಯ ಜೀಪಿಗೆ ಬೇರೆ ಎಂಜಿನ್ ಕೂರಿಸಿ ಕಳಿಸಿದಿರಲ್ಲ, ಜವಳಗಿರಿಯಿಂದಾಚೆ ಕಾಡಂಚಿನ ಊರಿನ ಮುನಿಕೃಷ್ಣಪ್ಪನವರ ಗಾಡಿ, ನಾನು ಆ ಮನೆಯ ಸೊಸೆ. ಗಾಡಿ ಓಡಿಸುವವರು ನಮ್ಮ ಮನೆಯವರು. ಅವರ ಹೆಸರು ನಿಮಗೆ ಗೊತ್ತು, ನಾನು ಬರೆಯುವ ಹಾಗಿಲ್ಲ.

ಫೋನ್ ಮಾಡಬೇಡಿ, ಏನಿದ್ದರೂ ಕಾಗದ ಬರೆಯಿರಿ, ಗಾಡಿ ಓಡುವವರೆಗೂ ನಾನು ಕೂರಿಸಿದ ಎಂಜಿನ್ ಕಿಟ್ಟಿನ ಜವಾಬ್ದಾರಿ ನನ್ನದು ಎಂದು ಹೇಳಿ ಕಳಿಸಿದಿರಂತೆ. ಹೇಗೂ ನಮ್ಮೂರಿಗೆ ಸಿಗ್ನಲ್ ಬರುವುದಿಲ್ಲ. ಇವರಿಗೆ ಪೆನ್ನು ಹಿಡಿಯುವುದೆಂದರೆ ಹಾವು ಹಿಡಿದಷ್ಟು ಕಷ್ಟ. ನೀನು ತಳಿ ಊರಿನ ಸ್ಕೂಲಿನಲ್ಲಿ ಹತ್ತನೆಯವರೆಗೆ ಕನ್ನಡ ಓದಿದ್ದೀಯಲ್ಲ, ನೀನೇ ಬರಿ ಎಂದು ನನ್ನ ಮೇಲೆ ಹಾಕಿದರು.

ಗಾಡಿ ಚೆನ್ನಾಗಿ ಓಡುತ್ತಿದೆ. ಮೊದಲು ಮೂಲಂಗಿ ತುಂಬಿಕೊಂಡು ದಿಣ್ಣೆ ಹತ್ತುವಾಗ ಜನ ಇಳಿದು ತಳ್ಳಬೇಕಿತ್ತು, ಈಗ ಹಾಗಿಲ್ಲ. ಮೂರನೇ ಗೇರು ಹಾಕುವಾಗ ಮಾತ್ರ ಕೆಳಗೆ ಏನೋ ಕಟಕಟ ಎನ್ನುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇವರು ಅಲ್ಲಿ ಏನೋ ಕೇಳುತ್ತಿದ್ದರೆ ನೀವು ಮುಖ ತಿರುಗಿಸಿಕೊಂಡು ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದಿರಂತೆ. “ಭಾರಿ ಗತ್ತು ಕಣಮ್ಮಿ ಆಯಪ್ಪಂಗೆ, ಆದ್ರೂ ಕೆಲ್ಸ ಅಂದ್ರೆ ಕೆಲ್ಸ” ಅಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆಯುವವಳು.

ಮಾಲಾ


ಜೂಜುವಾಡಿ
25 ನವೆಂಬರ್ 2022

ಮಾಲಾ ಅವರಿಗೆ,

ಕಾಗದ ಎಂದರೆ ಹೀಗಿರಬೇಕು. ಉಳಿದವರು ‘ಗಾಡಿ ಸೌಂಡು, ಬೇಗ ಹೇಳಿ’ ಎಂದು ಒಂದು ಗೆರೆ ಗೀಚಿ ಕಳಿಸುತ್ತಾರೆ. ನೀವು ಯಾವ ಗೇರು, ಎಲ್ಲಿ, ಹೇಗೆ ಎಂದೆಲ್ಲ ಬರೆದಿದ್ದೀರಿ. ನನಗೆ ಗತ್ತು ಎಂದೂ ಬರೆದಿದ್ದೀರಿ. ರಮಾದೇವಿ, ಅಂದರೆ ನನ್ನ ಹೆಂಡತಿ, ಅದನ್ನು ಓದಿ ಒಂದು ದಿನ ಪೂರ್ತಿ ನಕ್ಕಳು.

ಕಟಕಟ ಯಾಕೆಂದು ಹೇಳುತ್ತೇನೆ. ನಿಮ್ಮ ಗೇರ್‌ಬಾಕ್ಸು ಹಳೆಯ ಕಾಲದ್ದು, ಎಂಜಿನ್ನು ಈಚಿನ ಪಿಕಪ್ ಗಾಡಿಯದು. ಎರಡಕ್ಕೂ ಮುಖ ಕೂಡುವುದಿಲ್ಲ. ನಡುವೆ ನಾನೊಂದು ಕಬ್ಬಿಣದ ಪ್ಲೇಟು ಕೂರಿಸುತ್ತೇನೆ, ಎರಡು ಕಡೆಯ ಬೀಗರನ್ನು ಸಮಾಧಾನ ಮಾಡುವ ಹಿರಿಯನ ಹಾಗೆ. ಅದರ ಬೋಲ್ಟು ಮೊದಲ ತಿಂಗಳು ಒಮ್ಮೆ ಬಿಗಿಯಬೇಕು. ಕೆಳಗಿನ ಎರಡನ್ನು ನಿಮ್ಮ ಯಜಮಾನ ಶಶಿ ಮರೆತಿದ್ದಾನೆ. ಬೈದು ಬಿಗಿಸಿ.

ಇಂಥ ಕಿಟ್ಟು ಮಾರುವವರು ಹೊಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಾರಿದ ಮೇಲೆ ಗಾಡಿ ಬದುಕಿತೋ ಸತ್ತಿತೋ ನೋಡುವವರಿಲ್ಲ. ಹಳೆಯ ಗಾಡಿಗೆ ಹೊಸ ಎಂಜಿನ್ ಹಾಕುವುದು ದೊಡ್ಡ ಕೆಲಸವಲ್ಲ, ಹತ್ತು ವರ್ಷ ಅದರ ಹಿಂದೆ ನಿಲ್ಲುವುದು ಕೆಲಸ. ನಾನು ನಿಲ್ಲುತ್ತೇನೆ.

ಕುಮಾರೇಶ್


ಜವಳಗಿರಿ
9 ಫೆಬ್ರವರಿ 2023

ಅಣ್ಣನವರಿಗೆ,

ಬೋಲ್ಟು ಬಿಗಿಸಿದ ಮೇಲೆ ಕಟಕಟ ನಿಂತಿದೆ. ಬೈಯುವ ಕೆಲಸವನ್ನೂ ಚೆನ್ನಾಗಿಯೇ ಮಾಡಿದೆ.

ಈಗ ಇವರಿಗೆ ತಿಳಿಯದ ಹಾಗೆ ಒಂದು ವಿಷಯ ಬರೆಯುತ್ತಿದ್ದೇನೆ. ನಮ್ಮ ಕಡೆ ಜೀಪು ಓಡಿಸುವವರಿಗೆ ಒಂದು ರೂಢಿ ಇದೆ. ಕಾಡಿನ ದೊಡ್ಡ ತಿರುವಿಗೆ ಮುಂಚೆ ಗಾಡಿ ನಿಲ್ಲಿಸಿ, ಎರಡು ಸಲ ಎಂಜಿನ್ ಏರಿಸಿ ಇಳಿಸುತ್ತಾರೆ. ಅದಕ್ಕೆ ಗಾಡಿ ಹೇಳಿಕೊಳ್ಳುವುದು ಎನ್ನುತ್ತೇವೆ, ನಾನು ಬಂದಿದ್ದೇನೆ ಎಂದು ಹೇಳಿಕೊಳ್ಳುವುದು. ಹಾರನ್ ಹೊಡೆದರೆ ಆನೆ ಕೆರಳುತ್ತದೆ. ಹೇಳಿಕೊಂಡರೆ ಕೆರಳುವುದಿಲ್ಲ. ಮಾವನ ಕಾಲದಿಂದ ಓಡಾಡುವ ಗಾಡಿಯ ಸದ್ದು ಅವಕ್ಕೆ ಗೊತ್ತಿರುತ್ತದೆ, ತಾವಾಗಿ ಪೊದೆ ಕಡೆಗೆ ಸರಿಯುತ್ತವೆ. ಈ ಜೀಪಿನಲ್ಲಿ ಮಾವ ಕೈಲಾಗುವವರೆಗೆ ಹಾಗೇ ಓಡಾಡಿದರು, ಇವರೂ ಹಾಗೇ ಓಡಾಡಿದರು.

ಈ ರಾಗಿ ಸುಗ್ಗಿಯಲ್ಲಿ ಆನೆಗಳು ಬಂದಾಗಿನಿಂದ ಇವರು ಎಷ್ಟು ಹೇಳಿಕೊಂಡರೂ ಅವು ಸರಿಯುತ್ತಿಲ್ಲ. ಎಂಜಿನ್ ಬದಲಾಗಿದೆ, ಸದ್ದೂ ಬದಲಾಗಿದೆ. ಯಾರೋ ಹೊಸಬ ಬಂದ ಅಂದುಕೊಳ್ಳುತ್ತವೆಯೋ ಏನೋ. ಇದನ್ನು ಬರೆದರೆ ನೀವು ನಗುತ್ತೀರೆಂದು ಇವರು ಬೇಡ ಅಂದರು. ನಗುವುದಾದರೆ ನಕ್ಕುಬಿಡಿ, ಆದರೆ ಹಳೆಯ ಸದ್ದು ಬರಿಸಲು ಆಗುತ್ತದೆಯೇ ಎಂದು ಉತ್ತರ ಬರೆಯಿರಿ.

ಮಾಲಾ


ಜೂಜುವಾಡಿ
20 ಫೆಬ್ರವರಿ 2023

ತಂಗಿ ಮಾಲಾ,

ನಕ್ಕೆ. ಆನೆಗೂ ನನ್ನ ಕಿಟ್ಟು ಹಿಡಿಸಲಿಲ್ಲವೆಂದರೆ ಇನ್ನು ಯಾರನ್ನು ಮೆಚ್ಚಿಸಲಿ.

ಎಂಜಿನ್ ಬದಲಿಸಿದವರೆಲ್ಲ ಮೊದಲ ವರ್ಷ ಇದೇ ಹಾಡು ಹಾಡುತ್ತಾರೆ. ಹಳೆಯ ಸದ್ದು ಬೇಕು, ಹಳೆಯ ಗತ್ತು ಬೇಕು. ಹೊಸ ಚಪ್ಪಲಿ ಮೊದಲು ಕಡಿಯುತ್ತದೆ, ಆಮೇಲೆ ಕಾಲಿಗೆ ಹೊಂದುತ್ತದೆ. ಮನುಷ್ಯ ಹೊಂದಿಕೊಂಡರೆ ಆನೆ ಹೊಂದಿಕೊಳ್ಳುವುದಿಲ್ಲವೇ? ಅದಕ್ಕೆ ನಮಗಿಂತ ಬುದ್ಧಿ ಹೆಚ್ಚು ಎನ್ನುತ್ತಾರೆ.

ಒಂದು ಮಾತು ತಿಳಿದುಕೊಳ್ಳಿ. ಸದ್ದು ಎಂದರೆ ಸವೆತ. ಎಲ್ಲಿ ಸದ್ದಿದೆಯೋ ಅಲ್ಲಿ ಏನೋ ಒಂದು ಸಾಯುತ್ತಿದೆ ಎಂದು ಅರ್ಥ. ಕನಕಪುರದ ಕಡೆಯಿಂದ ಹೊಸೂರಿಗೆ ಬಂದ ಹೊಸತರಲ್ಲಿ ನಾನು ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿದ್ದೆ. ದಿನವಿಡೀ ತಗಡು ಬಡಿಯುವ ಜಾಗ. ಸದ್ದು ಮನುಷ್ಯನನ್ನು ಏನು ಮಾಡುತ್ತದೆ ಎಂದು ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದು ಬೇಡ. ಅಲ್ಲಿಂದ ಹೊರಗೆ ಬಂದ ದಿನವೇ ತೀರ್ಮಾನ ಮಾಡಿದೆ, ನನ್ನ ಕೈಯಿಂದ ಹೊರಡುವ ಗಾಡಿ ಮೆತ್ತಗೆ ಓಡಬೇಕು ಎಂದು.

ಶಶಿಗೆ ಹೇಳಿ, ಒಂದು ವರ್ಷ ತಾಳ್ಮೆ ಇರಲಿ.

ಕುಮಾರೇಶ್


ಜವಳಗಿರಿ
3 ಜುಲೈ 2023

ಅಣ್ಣನವರಿಗೆ,

ಎಂಜಿನ್ ಕೂರುವ ಎಡಗಡೆಯ ಮೌಂಟಿನ ರಬ್ಬರು ಸೀಳಿದೆ. ಇವರು ಒಂದು ಟೈರಿನ ತುಂಡು ಕತ್ತರಿಸಿ ಸದ್ಯಕ್ಕೆ ಕೂರಿಸಿದ್ದಾರೆ. ಹಿಂದಿನ ಬಂಪರೂ ಸೊಟ್ಟಗಾಗಿದೆ. ರಿವರ್ಸ್ ತೆಗೆಯುವಾಗ ಮರಕ್ಕೆ ತಗುಲಿತು, ಅದೇನೂ ದೊಡ್ಡ ವಿಷಯವಲ್ಲ.

ಇನ್ನು ನೇರವಾಗಿ ಕೇಳುತ್ತೇನೆ. ಈ ಎಂಜಿನ್ನಿನ ಸದ್ದನ್ನು ಹಳೆಯದರಷ್ಟು ಜೋರು ಮಾಡಿಕೊಡಲು ಆಗುತ್ತದೆಯೇ? ಹೋದ ಸಲ ನಗುತ್ತ ಕೇಳಿದ್ದೆ. ಈ ಸಲ ನಗುತ್ತಿಲ್ಲ. ನಮ್ಮತ್ತೆ ದೊಡ್ಡಮುನಿಯಮ್ಮನವರು ಸಂಜೆಯಾದರೆ ಬಾಗಿಲಲ್ಲೇ ಕೂತಿರುತ್ತಾರೆ. ಅವರಿಗೆ ಏನು ಹೇಳಿ ಒಳಗೆ ಕರೆಯಲಿ? ಈ ಕೆಲಸವೇ ಬೇಡ, ಹೊಸೂರು ಫ್ಯಾಕ್ಟರಿಗೆ ಸೇರಿಕೊಳ್ಳಿ ಅಂದರೆ ಇವರು ಕೇಳುವವರಲ್ಲ. “ಈ ಗಾಡಿ ಬಿಟ್ರೆ ಊರ್ ಜನ ಏನ್ ಮಾಡ್ತಾರೆ” ಎಂದು ನನಗೇ ತಿರುಗಿಸಿ ಕೇಳುತ್ತಾರೆ.

ನಾನು ಕೇಳಿದೆನೆಂದು ಇವರಿಗೆ ಬರೆಯಬೇಡಿ.

ಮಾಲಾ


ಜೂಜುವಾಡಿ
15 ಜುಲೈ 2023

ತಂಗಿ ಮಾಲಾ,

ರಬ್ಬರು ಸೀಳಿದೆ ಎಂದರೆ ಎಂಜಿನ್ನು ಅಲುಗಾಡುತ್ತಿದೆ. ತಪ್ಪು ನನ್ನದು, ನಿಮ್ಮ ದಾರಿ ಇಷ್ಟು ಕೆಟ್ಟದ್ದೆಂದು ನಾನು ಲೆಕ್ಕ ಹಾಕಿರಲಿಲ್ಲ. ಎರಡೂ ಕಡೆಗೆ ಮೆತ್ತನೆಯ ಹೊಸ ಮೌಂಟು ಮಾಡಿದ್ದೇನೆ. ಅದರ ಜೊತೆಗೆ ಒಂದು ದೊಡ್ಡ ಸೈಲೆನ್ಸರನ್ನೂ ಕೈಯಾರೆ ವೆಲ್ಡ್ ಮಾಡಿ ತಳಿ ಬಸ್ಸಿನ ಕಂಡಕ್ಟರ್ ರಾಮಚಂದ್ರಪ್ಪನವರ ಕೈಲಿ ಕಳಿಸಿದ್ದೇನೆ. ದುಡ್ಡಿನ ಮಾತು ಎತ್ತಬೇಡಿ, ಗೌರಿ ಹಬ್ಬಕ್ಕೆ ಅಣ್ಣ ತಂಗಿಗೆ ಸೀರೆ ಕೊಡುತ್ತಾನೆ, ನಾನು ಸೈಲೆನ್ಸರ್ ಕೊಡುತ್ತಿದ್ದೇನೆ.

ಸದ್ದು ಜೋರು ಮಾಡುವ ಕೆಲಸ ಮಾತ್ರ ನನ್ನ ಕೈಯಲ್ಲಿ ಮಾಡಿಸಬೇಡಿ. ಬೇರೆ ಏನು ಕೇಳಿದರೂ ಮಾಡುತ್ತೇನೆ. ಊರಿನವರು ಗಾಡಿಗೆ ಸದ್ದೇ ಇಲ್ಲ, ಗಂಡಸುತನ ಹೋಯಿತು ಎಂದು ಶಶಿಯನ್ನು ಆಡಿಕೊಳ್ಳುತ್ತಿರಬೇಕು, ಅದಕ್ಕೆ ಅವನು ನಿಮ್ಮ ಕೈಲಿ ಬರೆಸುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಅಲ್ಲವೆಂದರೆ ಕ್ಷಮಿಸಿ. ಈ ಸೈಲೆನ್ಸರ್ ಹಾಕಿ ಒಂದು ತಿಂಗಳು ಓಡಿಸಲಿ. ಆಮೇಲೆ ತೆಗೆಯುವುದು ಬೇಡ ಎಂದು ಅವನೇ ಹೇಳುತ್ತಾನೆ.

ಕುಮಾರೇಶ್


ಜವಳಗಿರಿ
28 ಆಗಸ್ಟ್ 2023

ಅಣ್ಣನವರಿಗೆ,

ಸಾಮಾನು ತಲುಪಿತು. ಸೈಲೆನ್ಸರ್ ನೋಡಿ ನನಗೆ ಅಳು ಬಂದಿತ್ತು, ನಿಜ ಹೇಳುತ್ತೇನೆ. ಕೇಳಿದ್ದೊಂದು, ಬಂದದ್ದೊಂದು. ಅದನ್ನು ಹಾಕುವುದೇ ಬೇಡ ಎಂದು ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಪಾಪ, ಆಯಪ್ಪ ಮನಸಿಟ್ಟು ಮಾಡಿದ್ದಾನೆ ಎಂದು ಇವರೇ ತೆಗೆದು ಹಾಕಿದರು.

ಹಾಕಿದ ಮೂರನೇ ದಿನ ನಮ್ಮೂರ ಕನಕಮ್ಮನ ಸೊಸೆಗೆ ಹೆರಿಗೆ ನೋವು ಶುರುವಾಯಿತು. ಜೊತೆಗೆ ನಾನೂ ಹೋದೆ. ಹಳೆಯ ಗಾಡಿಯಲ್ಲಾಗಿದ್ದರೆ ಆ ಅಲುಗಾಟಕ್ಕೆ, ಆ ಸದ್ದಿಗೆ ದಾರಿಯುದ್ದಕ್ಕೂ ಕಿರುಚುತ್ತಿದ್ದಳು. ಈ ಗಾಡಿಯಲ್ಲಿ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳಣ್ಣ. ತಳಿ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ವಾಪಸು ಬರುವಾಗ ಇವರು ಸ್ಟೇರಿಂಗ್ ತಟ್ಟಿ, “ಹೂವಿನ್ ಬುಟ್ಟಿ ಇದ್ದಂಗದೆ” ಅಂದರು.

ಆ ದಿನ ನನ್ನ ಮನಸ್ಸು ಕರಗಿತು. ಈಗ ಆನೆಗಳ ಕಾಲವೂ ಅಲ್ಲ. ನಾನು ಕೇಳಿದ್ದನ್ನು ಮರೆತುಬಿಡಿ. ನಿಮಗೂ ರಮಾದೇವಿ ಅತ್ತಿಗೆಗೂ ಗೌರಿ ಹಬ್ಬದ ಶುಭಾಶಯ.

ಮಾಲಾ


ಜೂಜುವಾಡಿ
17 ಜನವರಿ 2024

ತಂಗಿ ಮಾಲಾ,

ಸಂಕ್ರಾಂತಿ ಮುಗಿದರೂ ನಿಮ್ಮ ಕಾಗದವಿಲ್ಲ. ನನ್ನ ಕಸುಬಿನಲ್ಲಿ ಕಾಗದ ಬರಲಿಲ್ಲ ಎಂದರೆ ಗಾಡಿ ಚೆನ್ನಾಗಿದೆ ಎಂದೇ ಅರ್ಥ. ಹಾಗಾಗಿ ನಾನು ಖುಷಿಯಾಗಿದ್ದೇನೆ.

ಆನೆಗಳು ಈಗ ದಾರಿ ಬಿಡುತ್ತಿರಬೇಕು. ಒಂದು ವರ್ಷ ಎಂದು ಹೇಳಿದ್ದೆನಲ್ಲ. ಶಶಿ ನನ್ನ ಮಾತಿಗೆ ತಲೆಬಾಗಿದನೋ ಇಲ್ಲವೋ ಬರೆಯಿರಿ.

ಇಲ್ಲಿಗೆ ಬರುವ ಗಿರಾಕಿಗಳಿಗೆಲ್ಲ ಕನಕಮ್ಮನ ಸೊಸೆಯ ಕಥೆ ಹೇಳುವುದು ರಮಾದೇವಿಗೆ ಅಭ್ಯಾಸವಾಗಿಬಿಟ್ಟಿದೆ. ಬೇರೆ ಕಾಡಂಚಿನ ಊರಿನ ಇನ್ನೂ ಇಬ್ಬರು ಜೀಪಿನವರು ಅದನ್ನು ಕೇಳಿ ಎಂಜಿನ್ ಬದಲಿಸಲು ಬರುತ್ತಾರಂತೆ.

ಕುಮಾರೇಶ್


ಜೂಜುವಾಡಿ
3 ಏಪ್ರಿಲ್ 2024

ಮಾಲಾ ಅವರಿಗೆ,

ಮೌಂಟಿನ ರಬ್ಬರಿಗೆ ಆಯುಸ್ಸು ಮುಗಿಯುತ್ತ ಬಂದಿರುತ್ತದೆಂದು ಹೊಸ ಜೋಡಿ ಕಳಿಸಿದೆ. ರಾಮಚಂದ್ರಪ್ಪನವರು ರಜೆಯಲ್ಲಿದ್ದಾರೆಂದು ಬೇರೆ ಕಂಡಕ್ಟರ್ ಕೈಲಿ ಕೊಟ್ಟಿದ್ದೆ. ತೆಗೆದುಕೊಳ್ಳಲು ಯಾರೂ ಬರಲಿಲ್ಲ ಎಂದು ಹಾಗೇ ವಾಪಸು ತಂದರು. ನಿಮ್ಮ ಜೀಪು ತಳಿ ಸಂತೆಯಲ್ಲೂ ಕಾಣುತ್ತಿಲ್ಲವಂತೆ.

ಬೇರೆ ಯಾರ ಕೈಗಾದರೂ ಕೊಟ್ಟಿರಾ? ಮಾರಿದಿರಾ? ಮಾರಿದರೆ ಮಾರಿದೆವು ಎಂದು ಬರೆಯಲು ಏನು ಕಷ್ಟ? ಅಣ್ಣ ಎಂದು ಕರೆದು ಹೀಗೆ ಬೆನ್ನು ತಿರುಗಿಸುವುದು ಸರಿಯಲ್ಲ. ನನ್ನ ಕಿಟ್ಟಿನ ಗಾಡಿ ಕಂಡವರ ಕೈಗೆ ಸಿಕ್ಕಿ ಹಾಳಾದರೆ ಕೆಟ್ಟ ಹೆಸರು ನನಗೆ. ಶಶಿಗೆ ನಾಚಿಕೆಯಾಗಬೇಕು, ಅವನೇ ಎರಡು ಗೆರೆ ಬರೆಯಲಿ.

ಕುಮಾರೇಶ್


ಜವಳಗಿರಿ
19 ಏಪ್ರಿಲ್ 2024

ಕುಮಾರೇಶ್ ಅವರಿಗೆ,

ಶಶಿ ಬರೆಯುವುದಿಲ್ಲ. ಶಶಿ ಇಲ್ಲ. ಹೆಸರು ಬರೆಯಬಾರದೆಂಬ ರೂಢಿಯನ್ನು ನಾನು ಇನ್ನು ಯಾರಿಗಾಗಿ ಇಟ್ಟುಕೊಳ್ಳಲಿ?

ಡಿಸೆಂಬರಿನಲ್ಲಿ, ರಾಗಿ ಕೊಯ್ಲು ನಡೆಯುವಾಗ. ತಳಿ ಸಂತೆಯಿಂದ ಖಾಲಿ ಕ್ರೇಟು ತುಂಬಿಕೊಂಡು ಸಂಜೆ ಬರುತ್ತಿದ್ದರು. ಪಕ್ಕದಲ್ಲಿ ಅವರ ಚಿಕ್ಕಪ್ಪನ ಮಗ ಮುನೀಶ ಇದ್ದ. ಅವನು ಬದುಕಿದ್ದಾನೆ, ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ತಿರುವಿನಲ್ಲಿ ಮರಿಯ ಜೊತೆ ಒಂದು ಹೆಣ್ಣಾನೆ ನಿಂತಿತ್ತು. ಇವರು ಗಾಡಿ ನಿಲ್ಲಿಸಿ ಎರಡು ಸಲ ಹೇಳಿಕೊಂಡರು. ಅದು ಕದಲಲಿಲ್ಲ. ಹಿಂದಕ್ಕೆ ತೆಗಿ ಎಂದು ಮುನೀಶ ಅಂದನಂತೆ. “ಸುಮ್ಕಿರ್ಲಾ ಮುನೀಶ. ಅಪ್ಪನ್ ಕಾಲ್ದಿಂದ ನಮ್ ಗಾಡಿ ಗೊತ್ತದೆ ಇದ್ಕೆ. ಇನ್ನೊಂದ್ಸಲ ಹೇಳ್ಕೊತೀನಿ.” ಇವರು ಆಡಿದ ಕೊನೆಯ ಮಾತು ಇದು.

ಮೂರನೇ ಸಲ ಹೇಳಿಕೊಂಡರು. ಆನೆ ಬಂತು. ಮುನೀಶ ಹಳ್ಳದ ಕಡೆಗೆ ಹಾರಿದ. ಇವರ ಕಡೆ ಅದು ಇತ್ತು.

ಗಾಡಿಗೆ ಹೆಚ್ಚೇನೂ ಆಗಿಲ್ಲ. ಊರಿನವರು ಹೋಗಿ ಇವರನ್ನು ಎತ್ತಿ ಎಷ್ಟೋ ಹೊತ್ತಾದ ಮೇಲೆ ಯಾರೋ ಬಾನೆಟ್ಟು ಮುಟ್ಟಿ ನೋಡಿದರಂತೆ. ನಿಮ್ಮ ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಅಷ್ಟು ಮೆತ್ತಗೆ ಓಡುತ್ತಿತ್ತು, ಅಲ್ಲಿದ್ದ ಅಷ್ಟು ಜನಕ್ಕೆ ಗೊತ್ತಾಗಲಿಲ್ಲ.

ನಾನು ನಿಮಗೆ ಒಂದು ಸುಳ್ಳು ಬರೆದಿದ್ದೆ. ಆ ಬಂಪರು ಮರಕ್ಕೆ ಸುಮ್ಮನೆ ತಗುಲಿದ್ದಲ್ಲ. ಕಾಲವಲ್ಲದಿದ್ದರೂ ಒಂದು ಒಂಟಿ ಆನೆ ಅಟ್ಟಿಸಿಕೊಂಡು ಬಂದಾಗ ಹಿಂದೆ ಹಿಂದೆ ಓಡಿಸಿ ಗುದ್ದಿದ್ದು. ಅತ್ತೆಗೆ ತಿಳಿದರೆ ಗಾಡಿ ಓಡಿಸಲು ಬಿಡುವುದಿಲ್ಲ, ಯಾರಿಗೂ ಬರೆಯಬೇಡ ಎಂದು ಇವರು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದರು. ಆಣೆ ಉಳಿಸಿಕೊಂಡೆ.

ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ನಾಲ್ಕು ತಿಂಗಳಿನಿಂದ ನನಗೆ ಒಂದೇ ಪ್ರಶ್ನೆ. ಎರಡೆರಡು ಸಲ ಕೇಳಿದೆನಲ್ಲ, ಅಷ್ಟು ಸಣ್ಣ ಕೆಲಸ ನೀವು ಯಾಕೆ ಮಾಡಲಿಲ್ಲ?

ಮಾಲಾ


ಜೂಜುವಾಡಿ
6 ಮೇ 2024

ಅಮ್ಮಾ ಮಾಲಾ,

ತಂಗಿ ಎಂದು ಬರೆಯಲು ನನಗೆ ಮುಖವಿಲ್ಲ. ಇದು ಎಷ್ಟನೇ ಹಾಳೆಯೋ, ಉಳಿದದ್ದೆಲ್ಲ ಹರಿದೆ. ಹೋದ ತಿಂಗಳು ಅವನಿಗೆ ನಾಚಿಕೆಯಾಗಬೇಕು ಎಂದು ಬರೆದೆನಲ್ಲ, ಆ ಮಾತನ್ನು ಎಲ್ಲಿಗೆ ಹೋಗಿ ವಾಪಸು ತರಲಿ?

ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನನಗೆ ಕಿವಿ ಕೇಳಿಸುವುದಿಲ್ಲ.

ಪ್ರೆಸ್ ಶಾಪಿನಲ್ಲಿ ಒಂದು ಹೋಯಿತು, ಹೊರಗೆ ಬಂದ ಮೇಲೆ ಇನ್ನೊಂದು ಹೋಯಿತು. ಎಂಜಿನ್ ಕೆಲಸದವನಿಗೆ ಕಿವಿಯಿಲ್ಲ ಎಂದರೆ ಯಾರು ಗಾಡಿ ತರುತ್ತಾರೆ? ರಮಾದೇವಿ ಮುಂದೆ ನಿಂತು ಮಾತಾಡುತ್ತಾಳೆ, ನಾನು ಗತ್ತಿನವನ ಹಾಗೆ ತಿರುಗಿ ನಿಲ್ಲುತ್ತೇನೆ. ಫೋನ್ ಬೇಡ, ಕಾಗದ ಬರೆಯಿರಿ ಎನ್ನುವುದು ಅದಕ್ಕೇ. ಎಂಜಿನ್ ನನಗೆ ಅಂಗೈಯಲ್ಲಿ ಮಾತ್ರ ಗೊತ್ತು. ಅದು ನಡುಗದೆ ಇದ್ದರೆ ಒಳ್ಳೆಯದು, ನಡುಗಿದರೆ ಕೆಟ್ಟದ್ದು, ಅಷ್ಟೇ. ನಿಮ್ಮ ಜೀಪಿನ ಹಳೆಯ ಸದ್ದನ್ನೂ ನಾನು ಕೇಳಿಲ್ಲ, ಹೊಸ ಸದ್ದನ್ನೂ ಕೇಳಿಲ್ಲ. ನೀವು ಸದ್ದು ಬೇಕು ಎಂದು ಬರೆದಾಗ ನನಗೆ ನೆನಪಾದದ್ದು ಆ ಪ್ರೆಸ್ ಶಾಪು. ಆ ದ್ವೇಷದಲ್ಲಿ ನಿಮ್ಮ ಕಾಗದವನ್ನು ಅರ್ಧ ಮಾತ್ರ ಓದಿದೆ.

ಆ ದಿನ ಶೆಡ್ಡಿನಲ್ಲಿ ಶಶಿ ನನ್ನ ಪಕ್ಕ ನಿಂತು ಏನೋ ಕೇಳುತ್ತಿದ್ದ. ನಾನು ಮುಖ ತಿರುಗಿಸಿದ್ದೆ. ಏನು ಕೇಳಿದನೋ. ಇದೊಂದು ನನ್ನನ್ನು ಈಗ ತಿನ್ನುತ್ತಿದೆ.

ಆ ಇಬ್ಬರು ಜೀಪಿನವರನ್ನು ವಾಪಸು ಕಳಿಸಿದ್ದೇನೆ. ಶೆಡ್ಡಿಗೆ ಬೀಗ ಹಾಕಿದ್ದೇನೆ. ಇನ್ನು ಈ ಕೆಲಸ ಮಾಡುವುದಿಲ್ಲ.

ಕುಮಾರೇಶ್


ಜವಳಗಿರಿ
10 ಜೂನ್ 2024

ಅಣ್ಣನವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಹಣೆ ಬಡಿದುಕೊಂಡೆ. ಕಿವಿ ಕೇಳಿಸುವುದಿಲ್ಲ ಎಂಬ ಒಂದು ಗೆರೆ ಮೊದಲ ಕಾಗದದಲ್ಲೇ ಬರೆದಿದ್ದರೆ, ನಾನು ಬಸ್ಸು ಹತ್ತಿ ಬಂದು ಕೈ ಹಿಡಿದು ತಿಳಿಸುತ್ತಿದ್ದೆ. ಆನೆ ಅಟ್ಟಿಸಿತು ಎಂಬ ಒಂದು ಗೆರೆ ನಾನು ಬರೆದಿದ್ದರೆ, ನೀವು ಆ ಸೈಲೆನ್ಸರ್ ಕಳಿಸುತ್ತಿರಲಿಲ್ಲ. ಇಬ್ಬರೂ ಮರ್ಯಾದೆ ಉಳಿಸಿಕೊಂಡೆವು. ಹೋದದ್ದು ಅವರು.

ಆದರೆ ಶೆಡ್ಡು ಮುಚ್ಚಿದರೆ ನಿಮ್ಮ ಮನಸ್ಸು ಹಗುರವಾಗಬಹುದು, ನಮಗೇನಾಗುತ್ತದೆ? ಬಸ್ಸು ಜವಳಗಿರಿಗೇ ನಿಲ್ಲುತ್ತದೆ. ಜೀಪು ನಿಂತಾಗಿನಿಂದ ಊರಿನ ಮಕ್ಕಳು ಸ್ಕೂಲು ಬಿಟ್ಟಿವೆ. ಹೋದ ತಿಂಗಳು ಒಬ್ಬ ಮುದುಕರನ್ನು ಮಂಚದ ಮೇಲೆ ಹೊತ್ತುಕೊಂಡು ಹೋದರು. ಗಾಡಿ ನಾನು ಓಡಿಸುತ್ತೇನೆ ಎಂದು ಮುನೀಶ ಮುಂದೆ ಬಂದಿದ್ದಾನೆ. ಅವನ ತಾಯಿ ನನ್ನ ಮುಂದೆ ಬಂದು ಕೂತು, “ಇವ್ನೂ ಬೇಕೇನಮ್ಮ ನಿಮ್ ಗಾಡಿಗೆ” ಎಂದು ಕೇಳಿದರು.

ಗಾಡಿ ಓಡುವವರೆಗೂ ಜವಾಬ್ದಾರಿ ನಿಮ್ಮದು ಎಂದಿರಿ. ಗಾಡಿ ಇನ್ನೂ ಇದೆ. ಅದಕ್ಕೆ ಹಳೆಯ ಸದ್ದು ಬರಬೇಕು. ಹಳೆಯ ಎಂಜಿನ್ನು ಗುಜರಿಗೆ ಹೋಗಿದ್ದರೂ ಹಳೆಯ ಸೈಲೆನ್ಸರ್ ನಮ್ಮ ಕೊಟ್ಟಿಗೆಯ ಬಾಗಿಲಿಗೆ ಒತ್ತಾಗಿ ನಿಂತಿದೆ, ತರುತ್ತೇನೆ. ನಿಮಗೆ ಕೇಳಿಸದಿದ್ದರೆ ಬೇಡ. ನನಗೆ ಕೇಳಿಸುತ್ತದೆ. ಮದುವೆಯಾಗಿ ಬಂದ ದಿನದಿಂದ ಪ್ರತಿ ಸಂಜೆ ಅದನ್ನು ಕೇಳಿದವಳು ನಾನು. ಮುನೀಶನ ಜೊತೆ ಗಾಡಿ ತೆಗೆದುಕೊಂಡು ಬರುತ್ತೇನೆ. ಬೀಗ ತೆಗೆದಿಡಿ.

ಮಾಲಾ


ಜೂಜುವಾಡಿ
22 ಜುಲೈ 2024

ತಂಗಿ ಮಾಲಾ,

ಊರು ಸೇರಿದಿರಿ ಎಂದುಕೊಂಡಿದ್ದೇನೆ. ಕುಶಲಕ್ಕೆ ಬದಲು ನೀವು ಶೆಡ್ಡಿಗೆ ಬಂದ ಆ ದಿನದ್ದೇ ಬರೆಯುತ್ತೇನೆ, ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ನನ್ನ ಜೀವಮಾನದಲ್ಲಿ ಒಂದು ಗಾಡಿಯನ್ನು ಬೇಕೆಂದೇ ಒರಟು ಮಾಡಿದ್ದು ಅದೇ ಮೊದಲು. ಮೆತ್ತನೆಯ ಮೌಂಟು ತೆಗೆದು ಗಟ್ಟಿಯದು ಹಾಕಿದೆ. ನಾನೇ ಮಾಡಿದ ಸೈಲೆನ್ಸರನ್ನು ಕತ್ತರಿಸಿದೆ. ಹಳೆಯದರ ಹೊಟ್ಟೆಯನ್ನು ಇದರ ಪೈಪಿಗೆ ಬೆಸೆದೆ. ಒಂದೊಂದು ಸಲ ಮುನೀಶ ಎಂಜಿನ್ ಏರಿಸಿದಾಗಲೂ ನಾನು ಬಾನೆಟ್ಟು ಮುಟ್ಟಲಿಲ್ಲ, ನಿಮ್ಮ ಮುಖ ನೋಡಿದೆ. ನೀವು ತಲೆಯಾಡಿಸಿ ಇಲ್ಲ ಇಲ್ಲ ಎನ್ನುತ್ತಿದ್ದಿರಿ. ಪೈಪನ್ನು ಇನ್ನಷ್ಟು ಕತ್ತರಿಸಿ ಕೂರಿಸಿದೆ. ಮುನೀಶ ಎರಡು ಸಲ ಏರಿಸಿ ಇಳಿಸಿದ. ನೀವು ನಿಂತಲ್ಲೇ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡಿರಿ. ರಮಾದೇವಿ ಓಡಿ ಬಂದು ಹಿಡಿದುಕೊಂಡಳು.

ಸದ್ದು ಸರಿಯಾಗಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ನಾನು ಸ್ಪ್ಯಾನರ್ ಕೆಳಗಿಟ್ಟೆ.

ಸುಗ್ಗಿ ಬಂದ ಮೇಲೆ ತಪ್ಪದೆ ಬರೆಯಿರಿ. ಏನಾದರೂ ಸರಿ, ಪೂರ್ತಿ ಬರೆಯಿರಿ.

ಕುಮಾರೇಶ್


ಜವಳಗಿರಿ
5 ಜನವರಿ 2025

ಅಣ್ಣನವರಿಗೆ,

ಪೂರ್ತಿ ಬರೆಯುತ್ತೇನೆ.

ಮೊದಲು ಗಾಡಿಯ ವಿಷಯ. ಗಟ್ಟಿ ಮೌಂಟಿನಿಂದ ಅಲುಗಾಟ ಹೆಚ್ಚಿದೆ, ಕೂತವರ ಸೊಂಟ ಹಿಡಿಯುತ್ತದೆ, ಮುದುಕಿಯರು ಬೈಯುತ್ತಾರೆ. ಪ್ಲೇಟಿನ ಬೋಲ್ಟನ್ನು ಮುನೀಶ ತಿಂಗಳಿಗೊಮ್ಮೆ ನೋಡುತ್ತಾನೆ. ಮಕ್ಕಳು ಸ್ಕೂಲಿಗೆ ಹೋಗುತ್ತಿವೆ.

ಡಿಸೆಂಬರಿನಲ್ಲಿ ಆನೆಗಳು ಬಂದವು. ಒಂದು ಸಂಜೆ ಅದೇ ತಿರುವಿನಲ್ಲಿ ಮರಿಯ ಜೊತೆ ಒಂದು ಹೆಣ್ಣಾನೆ ನಿಂತಿತ್ತಂತೆ. ಅದೇ ಆನೆಯೋ ಬೇರೆಯೋ ಮುನೀಶನಿಗೂ ಗೊತ್ತಿಲ್ಲ. ದೂರದಲ್ಲೇ ನಿಲ್ಲಿಸಿ ಎರಡು ಸಲ ಹೇಳಿಕೊಂಡ. ಅದು ಕಿವಿ ಅಗಲಿಸಿ ನಿಂತು, ಆಮೇಲೆ ಮರಿಯನ್ನು ಮುಂದೆ ಮಾಡಿಕೊಂಡು ಪೊದೆಗೆ ಇಳಿಯಿತು. ಮುನೀಶ ತನ್ನ ಮನೆಗೆ ಹೋಗದೆ ನೇರ ನಮ್ಮ ಬಾಗಿಲಿಗೆ ಬಂದು ಕೂತ. “ದಾರಿ ಬಿಡ್ತು ಅತ್ಗೆ” ಅಂದ, ಅಷ್ಟೇ ಅಂದ. ಅವನ ತಾಯಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅದರಲ್ಲಿ ಅರ್ಧ ನಿಮಗೆ ಸೇರಿದ್ದು.

ಇನ್ನು ನನ್ನ ವಿಷಯ. ನಿಮ್ಮ ಶೆಡ್ಡಿನಿಂದ ವಾಪಸು ಬಂದ ಮಾರನೆಯ ದಿನ ಗಾಡಿ ಮೊದಲ ಸಲ ಸಂತೆಗೆ ಹೋಯಿತು. ಸಂಜೆ ನಾನು ಒಳಗೆ ಸೊಪ್ಪು ಬಿಡಿಸುತ್ತಿದ್ದೆ. ತಿರುವಿನ ಕಡೆಯಿಂದ ಸದ್ದು ಕೇಳಿಸಿತು. ನನಗೆ ಗೊತ್ತಿತ್ತಣ್ಣ. ಅದನ್ನು ನಾನೇ ಮಾಡಿಸಿದ್ದು, ಕೂತು ಮಾಡಿಸಿದ್ದು, ಎಲ್ಲ ಗೊತ್ತಿತ್ತು. ಆದರೂ ಸೊಪ್ಪನ್ನು ಅಲ್ಲೇ ಬಿಟ್ಟು, ಮುಖ ಒರೆಸಿಕೊಂಡು ಅಂಗಳಕ್ಕೆ ಬಂದುಬಿಟ್ಟಿದ್ದೆ. ಮಗ ಹೋದಾಗಿನಿಂದ ಯಾರ ಹತ್ತಿರವೂ ಮಾತಾಡದ ಮಾವ, “ಒಳೀಕ್ ಹೋಗು ತಾಯಿ. ಅದು ಮುನೀಶ” ಅಂದರು. ಹಾಗೆ ಹೇಳಿದವರೂ ಜಗಲಿಯಿಂದ ಎದ್ದು ನಿಂತಿದ್ದರು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು, ಇನ್ನೊಂದು ಕಾಲು ಬರಿಗಾಲು.

ಒಂದು ದಿನ ಹೀಗಾದರೆ ಸರಿ. ಆರು ತಿಂಗಳಾಯಿತು, ದಿನಾ ಹೀಗೇ ಆಗುತ್ತಿದೆ. ದಿನಾ ಸಂಜೆ ಆ ಸದ್ದಿನಲ್ಲಿ ಇವರು ಬರುತ್ತಾರೆ, ದಿನಾ ಸಂಜೆ ಅದು ಇವರಲ್ಲ ಎಂದು ನಾನು ಹೊಸದಾಗಿ ತಿಳಿದುಕೊಳ್ಳುತ್ತೇನೆ. ಸತ್ತವರನ್ನು ಒಂದೇ ಸಲ ಕಳೆದುಕೊಳ್ಳುತ್ತೇವೆ ಎನ್ನುವುದು ಲೋಕದ ಮಾತು. ಅತ್ತೆ ಆ ಹೊತ್ತಿಗೆ ನೀರಿಗೆಂದು ಕೊಡ ಹಿಡಿದು ಹೊರಟುಬಿಡುತ್ತಾರೆ, ನೀರು ಬೇಕಿದ್ದರೂ ಬೇಡದಿದ್ದರೂ.

ಹೋದ ವಾರ ತಡೆಯಲಾರದೆ ನಿಮಗೆ ಒಂದು ಕಾಗದ ಬರೆದಿದ್ದೆ, ಸದ್ದು ಮತ್ತೆ ಮೆತ್ತಗೆ ಮಾಡಿಕೊಡಿ ಎಂದು. ಮುನೀಶ ಗಾಡಿ ಒರೆಸುತ್ತಿದ್ದುದನ್ನು ನೋಡಿ ಆ ಕಾಗದವನ್ನು ಒಲೆಗೆ ಹಾಕಿದೆ. ಮತ್ತೆ ಬರೆಯುವುದಿಲ್ಲ ಎಂದು ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅಳುತ್ತ ಬರೆಯಬಹುದು, ಕಾಲಿಗೆ ಬಿದ್ದು ಬೇಡಬಹುದು. ಹೋದ ಸಲ ನಾನು ಕೇಳಿದ್ದನ್ನು ನೀವು ಮಾಡಲಿಲ್ಲವಲ್ಲ ಅಣ್ಣ. ಹಾಗೇ ಅದನ್ನೂ ಮಾಡಬೇಡಿ.

ಮಾಲಾ